ಬಸುರಿ ಹೆಣ್ಣುಮಗಳ ಲೆಕ್ಕ ಮತ್ತು ಮೊಬೈಲು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ, ಎರಡನೇ ದಿನದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಸಭೆಯಲ್ಲಿ ಗಂಡಸೊಬ್ಬ ಎದ್ದು ನಿಂತು ಬಸುರಿ-ಬಾಣಂತಿ ಮಾತಾಡುವುದೇನು ಛಂದ ಎಂದು ಹಿಂದಿನ ಸಾಲಿನವರು ನಗುವುದು ನನಗೆ ಕಾಣುತ್ತಿದೆ. ನಗ್ರಿ, ಅಡ್ಡಿಯಿಲ್ಲ. ಈ ವಿಷಯ ನಾನು ಆರಿಸಿಕೊಂಡದ್ದಲ್ಲ. ನಮ್ಮ ಮಹಿಳಾ ನಿರ್ದೇಶಕರು ಕೊಟ್ಟದ್ದು. "ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು ಇದನ್ನ ಹೆಣ್ಣುಮಕ್ಕಳಿಗೆ ನೂರು ಸಲ ಹೇಳ್ಯಾರ. ಕೇಳಬೇಕಾದವರು ಗಂಡಸರು. ಅವರಿಗೆ ಗಂಡಸರೇ ಹೇಳ್ರಿ" ಎಂದು ನನ್ನನ್ನು ನಿಲ್ಲಿಸಿದ್ದಾರೆ. ನಾನು ಡಾಕ್ಟರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಎರಿ ಹೊಲಕ್ಕೆ ಇಳಿದವನು. ಆಶಾ ತಂಗಿಯನ್ನೂ, ಅಂಗನವಾಡಿ ಟೀಚರನ್ನೂ, ಆರೋಗ್ಯ ಕೇಂದ್ರದ ಸಿಸ್ಟರನ್ನೂ ಕೂಡಿಸಿಕೊಂಡು ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮಗೆ ಗೊತ್ತಿರುವ ಎಮ್ಮಿಯಿಂದ ಶುರು ಮಾಡೋಣ. ಎಮ್ಮಿ ಯಾವಾಗ ಬೆದೆಗೆ ಬಂತು, ಯಾವ ತಾರೀಖು ಇಂಜೆಕ್ಷನ್ ಕೊಡಿಸಿದೆವು, ಗಬ್ಬ ನಿಂತದ್ದು ಯಾವಾಗ ಖಾತ್ರಿಯಾಯಿತು, ಇವೆಲ್ಲ ದನದ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿರುತ್ತವೆ. ಹತ್ತು ತಿಂಗಳು ಹತ್ತು ದಿನ ಎಣಿಸಿ, ಈಯುವ ವಾರದಲ್ಲಿ ಮನೆಯವರು ಬೀಗರ ಊರಿಗೂ ಹೋಗುವುದಿಲ್ಲ. ಈಗಂತೂ ಪಶು ಇಲಾಖೆಯವರು ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕಿ, ಆ ನಂಬರಿನ ಮೇಲೆ ಲಸಿಕೆ, ಇಂಜೆಕ್ಷನ್, ಕರು ಎಲ್ಲವನ್ನೂ ಮೊಬೈಲಿಗೆ ಏರಿಸುತ್ತಾರೆ. ಯಾರೂ ಬೇಡ ಅನ್ನಲಿಲ್ಲ. ಒಳ್ಳೆಯದೇ ಆಯಿತು.

ಅದೇ ಮನೆಯ ಸೊಸಿಗೆ ಎಷ್ಟನೇ ವಾರ ನಡೆದಿದೆ ಎಂದು ಗಂಡನನ್ನು ಕೇಳಿ ನೋಡಿ. "ಐದೋ ಆರೋ ತಿಂಗಳಿರಬೇಕ್ರಿ, ಅವ್ವನ್ನ ಕೇಳ್ರಿ" ಅನ್ನುತ್ತಾನೆ. ಅವ್ವನನ್ನು ಕೇಳಿದರೆ "ಎಳ್ಳಮಾಸಿ ಚರಗ ಚೆಲ್ಲಿದ ಮಾರನೇ ದಿನ ಹೊರಗಾಗಿದ್ದಳು, ಮುಂದ ಆಗಲಿಲ್ಲ" ಎಂದು ಹೇಳುತ್ತಾರೆ. ಈ ಉತ್ತರವನ್ನು ನೀವು ಹಗುರ ಮಾಡಬೇಡಿ. ಡಾಕ್ಟರು ಕೇಳುವುದೂ ಇದೇ ದಿನವನ್ನು. ಕಡೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ ಎಣಿಸಿದರೆ ಹೆರಿಗೆಯ ಅಂದಾಜು ತಾರೀಖು ಸಿಗುತ್ತದೆ. ಆ ತಾರೀಖಿಗೆ ಒಂಬತ್ತು ತಿಂಗಳು ಕೂಡಿಸಿ ಮೇಲೆ ಏಳು ದಿನ ಹಾಕಿದರೂ ಲೆಕ್ಕ ಅದೇ. ಎಳ್ಳಮಾಸಿಯ ಮಾರನೇ ದಿನ ಕ್ಯಾಲೆಂಡರಿನಲ್ಲಿ ಜನವರಿ 10 ಇದ್ದರೆ ಅಕ್ಟೋಬರ್ 17. ಒಂದೆರಡು ವಾರ ಹಿಂದೆ ಮುಂದೆ ಆಗಬಹುದು. ಹಿರಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಿದ್ದದ್ದು ಇದಕ್ಕೆ ಬಹಳ ದೂರವಿಲ್ಲ.

ಮೊಬೈಲಿನ ಆಪ್ ಮಾಡುವ ಮೊದಲ ಕೆಲಸ ಇಷ್ಟೇ. ಆ ಒಂದು ತಾರೀಖನ್ನು ಹಾಕಿದರೆ ಇವತ್ತಿಗೆ ಎಷ್ಟು ವಾರ, ಮುಂದಿನ ತಪಾಸಣೆ ಯಾವಾಗ, ಲಸಿಕೆ ಯಾವಾಗ, ಹೆರಿಗೆ ಯಾವ ಸುಮಾರಿಗೆ ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಮರೆತರೆ ನೆನಪು ಮಾಡುತ್ತದೆ. ಮಾಯ ಮಂತ್ರ ಏನೂ ಇಲ್ಲ. ಆದರೆ ಆ ಮೊದಲ ತಾರೀಖು ತಪ್ಪಾದರೆ ಮುಂದಿನ ಎಲ್ಲ ಲೆಕ್ಕ ತಪ್ಪು. ಆದ್ದರಿಂದ ಮೊಬೈಲು ಇರಲಿ ಬಿಡಲಿ, ಅಡಿಗೆ ಮನೆಯ ಕ್ಯಾಲೆಂಡರಿನ ಮೇಲೆ ಹೆಣ್ಣುಮಕ್ಕಳು ಆ ದಿನಕ್ಕೊಂದು ಗುರುತು ಹಾಕುವುದನ್ನು ಬಿಡಬಾರದು.

ಸರಕಾರದ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಬಸುರಿ ಎಂದು ಗೊತ್ತಾದ ಮೇಲೆ ತಾಯಿ ಕಾರ್ಡ್ ಕೊಡುತ್ತಾರಲ್ಲ, ಅದು ಕೈಯಲ್ಲಿರುವ ದಾಖಲೆ. ಅದೇ ಮಾಹಿತಿ ಕಂಪ್ಯೂಟರಿಗೂ ಹೋಗುತ್ತದೆ. ತಾಯಿ ಮತ್ತು ಮಗುವನ್ನು ಹೆಸರು ಹಿಡಿದು ನೋಂದಾಯಿಸುವ ಕೇಂದ್ರ ಸರಕಾರದ ಪದ್ಧತಿ 2009ರಲ್ಲಿ ಶುರುವಾಯಿತು. ಆಮೇಲೆ ಅದೇ ಆರ್.ಸಿ.ಎಚ್. ಪೋರ್ಟಲ್ ಆಯಿತು. ಇದು ಆರೋಗ್ಯ ಇಲಾಖೆಯದು. ಅಂಗನವಾಡಿಯದು ಬೇರೆ. 2021ರ ಮಾರ್ಚ್ ತಿಂಗಳಿನಿಂದ ಪೋಷಣ್ ಟ್ರ್ಯಾಕರ್ ಎಂಬ ಆಪ್ ಬಂದಿದೆ. ಬಸುರಿಯರು, ಬಾಣಂತಿಯರು, ಸಣ್ಣ ಮಕ್ಕಳು ಎಲ್ಲರ ಹೆಸರು, ಊಟ, ಮಕ್ಕಳ ತೂಕ, ಎತ್ತರ ಅದರಲ್ಲಿ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ, ತತ್ತಿ, ಹಾಲು, ಶೇಂಗಾ ಚಿಕ್ಕಿ ಅಂಗನವಾಡಿಯಲ್ಲೇ ಸಿಗುವುದರಿಂದ ಅಲ್ಲಿ ಹೆಸರು ಇರಲೇಬೇಕು. ಮಾತೃವಂದನಾ ಯೋಜನೆಯ ದುಡ್ಡು, ಅಂದರೆ ಮೊದಲ ಕೂಸಿಗೆ ಎರಡು ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣು ಕೂಸಾದರೆ 6,000 ರೂಪಾಯಿ, ಅದೂ ತಾಯಿಯ ಸ್ವಂತ ಖಾತೆಗೇ ಬರುತ್ತದೆ. ಅದಕ್ಕೂ ನೋಂದಣಿ ಬೇಕು, ತಪಾಸಣೆಯ ತಾರೀಖು ಬೇಕು.

ನೋಂದಣಿ 12 ವಾರದ ಒಳಗೆ ಆಗಬೇಕೆಂದು ಹೇಳುತ್ತಾರೆ. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ, ಕಣ್ಣು ಬೀಳುತ್ತದೆ ಎಂದು. ನಾನು ಆ ನಂಬಿಕೆಯನ್ನು ಜಗ್ಗಾಡಲು ಬಂದಿಲ್ಲ. ಆಶಾ ತಂಗಿಗೆ ಹೇಳಿದರೆ ಊರಿಗೆ ಹೇಳಿದ ಹಾಗಲ್ಲ, ಅಷ್ಟು ತಿಳಿದುಕೊಂಡರೆ ಸಾಕು. ಇದೇ ಕಾರಣಕ್ಕೆ, ಸಂಘದ ಬೋರ್ಡಿನ ಮೇಲೆ ಊರ ಬಸುರಿಯರ ಹೆಸರು, ತಾರೀಖು ಬರೆದು ಹಾಕೋಣ ಎಂದು ನಮ್ಮ ಆಡಳಿತ ಮಂಡಳಿಯಲ್ಲಿ ಒಬ್ಬರು ಸೂಚಿಸಿದಾಗ ನಾನು ಒಪ್ಪಲಿಲ್ಲ. ಎಮ್ಮಿಯ ತಾರೀಖು ಗೋಡೆ ಮೇಲೆ ಇರಲಿ, ಹೆಣ್ಣುಮಗಳದು ಅವಳ ಕೈಯಲ್ಲಿ ಇರಬೇಕು.

ಇನ್ನು ತಪಾಸಣೆ. ಕಡಿಮೆ ಅಂದರೂ ನಾಲ್ಕು. ಮೊದಲನೆಯದು 12 ವಾರದೊಳಗೆ, ಎರಡನೆಯದು 14ರಿಂದ 26 ವಾರದ ನಡುವೆ, ಮೂರನೆಯದು 28ರಿಂದ 34, ನಾಲ್ಕನೆಯದು 36 ವಾರ ದಾಟಿದ ಮೇಲೆ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆಂದೇ ತಪಾಸಣೆ ಇಡುವ ಪದ್ಧತಿ 2016ರಿಂದ ಇದೆ. ತೂಕ, ಬಿ.ಪಿ., ರಕ್ತ, ಮೂತ್ರ, ಕೂಸಿನ ಎದೆಬಡಿತ ನೋಡುತ್ತಾರೆ. ಇವುಗಳಲ್ಲಿ ಎರಡು ಅಂಕಿಗಳನ್ನು ಗಂಡಸರು ಬಾಯಿಪಾಠ ಮಾಡಿಕೊಳ್ಳಬೇಕು. ಬಿ.ಪಿ. 140/90 ಮುಟ್ಟಿದರೆ ಅಥವಾ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ರಕ್ತದ ಪ್ರಮಾಣ, ಅಂದರೆ ಹಿಮೋಗ್ಲೋಬಿನ್, 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅದು ಜೀವದ ಪ್ರಶ್ನೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಶೀನಿನಲ್ಲಿ ಅರ್ಧ ಪಾಯಿಂಟು ಫ್ಯಾಟು ಕಡಿಮೆ ಬಂದರೆ ನಾವು ನಮ್ಮ ಕಾರ್ಯದರ್ಶಿಯವರ ಜೋಡಿ ಎಷ್ಟು ಜಗಳ ಮಾಡುತ್ತೇವೆ! ಇನ್ನೊಮ್ಮೆ ನೋಡು, ಮತ್ತೊಮ್ಮೆ ನೋಡು ಅನ್ನುತ್ತೇವೆ. ಹಿಂಡಿ ಬದಲು ಮಾಡುತ್ತೇವೆ. ಮನೆಯಲ್ಲಿ ಹೆಂಡತಿಯ ರಕ್ತ 8 ಬಂದ ಚೀಟಿ ತಾಯಿ ಕಾರ್ಡಿನೊಳಗೆ ಮಡಚಿ ಇರುತ್ತದೆ, ಅದನ್ನು ಬಿಚ್ಚಿ ನೋಡುವವರಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರು ಬಸುರಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ. ಹೆಚ್ಚು ಕಡಿಮೆ ಅರ್ಧ. ಇದಕ್ಕೆ ಕಬ್ಬಿಣಾಂಶದ ಗುಳಿಗೆಯನ್ನು ಪುಕ್ಕಟೆ ಕೊಡುತ್ತಾರೆ. ಬಸುರಿದ್ದಾಗ 180 ದಿನ, ಹಡೆದ ಮೇಲೆ 180 ದಿನ. ಹೇಲು ಕರಿ ಆಗತೈತಿ, ಬಾಯಿ ಕಹಿ ಆಗತೈತಿ, ಕೂಸು ದಪ್ಪ ಬೆಳೆದು ಹೆರಿಗೆ ಕಷ್ಟ ಆಗತೈತಿ ಎಂದು ಗುಳಿಗೆಗಳನ್ನು ಡಬ್ಬಿಯಲ್ಲಿ ಹಾಕಿ ಇಡುತ್ತಾರೆ. ಹೇಲು ಕರಿ ಆಗುವುದು ಸಹಜ, ಹೆದರಬೇಕಿಲ್ಲ. ಚಹಾ ಕುಡಿದ ಕೂಡಲೇ ನುಂಗಬಾರದು, ಅದು ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯ ಜೋಡಿಯೂ ಬೇಡ, ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಊಟದ ಜೋಡಿ ನಿಂಬೆಹುಳಿ ಇದ್ದರೆ ಒಳ್ಳೆಯದು. ಆಪಿನಲ್ಲಿ ದಿನಾ ರಾತ್ರಿ ಗಂಟೆ ಬಾರಿಸಿ ಗುಳಿಗೆ ನೆನಪು ಮಾಡುವ ಸೌಲಭ್ಯ ಇರುತ್ತದೆ. ನನಗೆ ಆಪಿನಲ್ಲಿ ಬಹಳ ಹಿಡಿಸಿದ್ದು ಅದೊಂದೇ.

ಈಗ ನಮ್ಮ ಓಣಿಯಲ್ಲೇ ನಡೆದ ಸಂಗತಿ. ಹೆಸರು ಬೇಡ. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ನಮ್ಮ ಹುನಗುಂದ, ಇಳಕಲ್, ಬಾದಾಮಿ ಕಡೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವುದು ಹೊಸದಲ್ಲ. ಬಸುರಿ ಹೆಂಡತಿ ಊರಲ್ಲಿ ಅತ್ತಿಯ ಜೋಡಿ. ತಪಾಸಣೆಗೆ ಹೋಗಿ ರಕ್ತ ಕೊಟ್ಟು ಬಂದಳು. ವರದಿ 6.4 ಬಂತು. ಮೊಬೈಲಿನಲ್ಲಿ ಅವಳ ಹೆಸರಿನ ಮುಂದೆ ಅಪಾಯದ ಗುರುತೂ ಬಿತ್ತು. ಸಿಸ್ಟರು ಕೂಡಲೇ ಫೋನು ಮಾಡಿದರು. ಯಾವ ನಂಬರಿಗೆ? ಕಾರ್ಡಿನಲ್ಲಿ ಬರೆಸಿದ್ದ ಗಂಡನ ನಂಬರಿಗೆ. ಅವನು ಗೋವಾಕ್ಕೆ ಹೋದ ಮೇಲೆ ಆ ಸಿಮ್ ತೆಗೆದು ಬೇರೆ ಹಾಕಿದ್ದ. ಎರಡು ದಿನ, ಮೂರು ದಿನ, ಸ್ವಿಚ್ ಆಫ್. ನಾಲ್ಕನೇ ದಿನ ಆಶಾ ತಂಗಿಗೆ ಸುದ್ದಿ ಮುಟ್ಟಿ, ಅವಳು ಮನೆಗೆ ಹೋಗಿ, ಅಲ್ಲಿ ಇಲ್ಲವೆಂದು ಹೊಲಕ್ಕೆ ನಡೆದು ಹೋದಳು. ಜ್ವಾಳದ ಸುಗ್ಗಿ. ಆ ಹುಡುಗಿ ಸೂಡು ಕಟ್ಟುತ್ತಿದ್ದಳು, ಮಾರಿ ಬಾತಿತ್ತು, ಮೆಟ್ಟು ಕಾಲಿಗೆ ಹಿಡಿಸುತ್ತಿರಲಿಲ್ಲ. 108ಕ್ಕೆ ಫೋನು ಮಾಡಿ ತಾಲೂಕಿಗೆ, ಅಲ್ಲಿಂದ ಬಾಗಲಕೋಟೆಗೆ. ನಮ್ಮ ಸಂಘದ ಮೂವರು ಹುಡುಗರು ಹೋಗಿ ರಕ್ತ ಕೊಟ್ಟು ಬಂದರು. ತಾಯಿ ಉಳಿದಳು, ಹೆಣ್ಣು ಕೂಸು, ಈಗ ಅದಕ್ಕೆ ಹಲ್ಲು ಬಂದಿವೆ.

ಅತ್ತಿಯ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನು ಇತ್ತು. ಮಾಡಿನೊಳಗೆ ಇಟ್ಟಿದ್ದರು. ಆ ನಂಬರನ್ನು ಯಾರೂ ಬರೆಸಿರಲಿಲ್ಲ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ. ಆಪ್ ಎಷ್ಟೇ ಶಾಣ್ಯಾ ಇರಲಿ, ಅದರೊಳಗಿನ ನಂಬರು ಬಸುರಿಯ ಹತ್ತಿರ ಇರುವ ಫೋನಿನದಲ್ಲದಿದ್ದರೆ ಅದು ಗೋಡೆಗೆ ಮಾತಾಡಿದ ಹಾಗೆ. ನಮ್ಮ ಮನೆಗಳಲ್ಲಿ ಫೋನು ಗಂಡಸಿನ ಕಿಸೆಯಲ್ಲಿ. ಆಧಾರಿಗೆ ಜೋಡಿಸಿದ್ದೂ ಗಂಡನ ನಂಬರು. ಅಂಗನವಾಡಿಯಲ್ಲಿ ಸೊಸಿಯ ಹೆಸರು ಖಾತ್ರಿ ಮಾಡಬೇಕೆಂದರೆ ಓ.ಟಿ.ಪಿ. ಹೋಗಿ ಬೀಳುವುದು ಗೋವಾದ ಕಟ್ಟಡದ ಮೇಲೆ ಇಟ್ಟಿಗೆ ಹೊರುವವನ ಫೋನಿಗೆ. ಅವನು ಮಧ್ಯಾಹ್ನ ಊಟಕ್ಕೆ ಇಳಿದು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಟೀಚರು ಮತ್ತೆ ಕಳಿಸುತ್ತಾರೆ, ಇವಳು ಮತ್ತೆ ಅಂಗನವಾಡಿಗೆ ನಡೆಯುತ್ತಾಳೆ.

ಬಿಹಾರದಲ್ಲಿ 2013ರಲ್ಲಿ ಕಿಲ್ಕಾರಿ ಎಂಬ ಒಂದು ಸೇವೆ ಶುರುವಾಯಿತು. 2016ರಿಂದ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಬೇರೆ ರಾಜ್ಯಗಳಲ್ಲೂ ನಡೆಸುತ್ತಿದೆ. ಅದಕ್ಕೆ ದೊಡ್ಡ ಫೋನೂ ಬೇಡ, ಓದಲು ಬರುವುದೂ ಬೇಡ. ಬಸುರಿಗೆ ನಾಲ್ಕು ತಿಂಗಳಾದಾಗಿನಿಂದ ಕೂಸಿಗೆ ವರ್ಷ ತುಂಬುವ ತನಕ ವಾರಕ್ಕೊಂದು ಕರೆ ಬರುತ್ತದೆ, ಒಟ್ಟು 72 ಕರೆ. ಈ ವಾರ ಏನು ಮಾಡಬೇಕು ಎಂದು ಒಂದು ಹೆಣ್ಣುಧ್ವನಿ ಹೇಳುತ್ತದೆ. ಒಳ್ಳೆಯ ಪದ್ಧತಿ. ಆದರೆ ಅಲ್ಲಿಯೂ ಮಾತು ಅದೇ, ಕರೆ ಬಂದಾಗ ಫೋನು ಯಾರ ಕೈಯಲ್ಲಿದೆ?

ತವರಿನ ವಿಷಯವೂ ಇದಕ್ಕೆ ಹತ್ತಿಕೊಂಡದ್ದೇ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬಸ ಮಾಡಿ, ಹಸಿರು ಇಳಕಲ್ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕಳಿಸುತ್ತೇವೆ. ಕುಬಸದ ಫೋಟೋ ಆ ಸಂಜೆಯೇ ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಆದರೆ ನೋಂದಣಿ ಆದದ್ದು ಗಂಡನ ಊರಲ್ಲಿ. ತವರು ಕುಷ್ಟಗಿ ಕಡೆಯಿದ್ದರೆ ಜಿಲ್ಲೆಯೇ ಬೇರೆ. ಇಲ್ಲಿಯ ಆಶಾ "ಊರಾಗಿಲ್ಲ" ಎಂದು ಬರೆಯುತ್ತಾಳೆ, ಅಲ್ಲಿಯ ಆಶಾಗೆ ಇವಳು ಬಂದದ್ದೇ ಗೊತ್ತಿರುವುದಿಲ್ಲ. ಎಂಟು, ಒಂಬತ್ತನೇ ತಿಂಗಳು, ಹೆಚ್ಚು ಜ್ವಾಪಾನ ಬೇಕಾದ ಹೊತ್ತಿನಲ್ಲಿ, ಲೆಕ್ಕದಿಂದ ಹೆಣ್ಣುಮಗಳೇ ಬಿಟ್ಟುಹೋಗುತ್ತಾಳೆ. ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗ ಮಾಡಲು ಪೋಷಣ್ ಟ್ರ್ಯಾಕರಿನಲ್ಲಿ ಅವಕಾಶವಿದೆ. ಹೊರಡುವ ಮುಂಚೆ ಟೀಚರಿಗೆ ಹೇಳಬೇಕು ಅಷ್ಟೇ. ಉಡಿ ತುಂಬುವಾಗ ಉಡಿಯಲ್ಲಿ ತಾಯಿ ಕಾರ್ಡನ್ನೂ ಇಟ್ಟು ಕಳಿಸಿರಿ ಎಂದು ನಾನು ಬೀಗರಿಗೆಲ್ಲ ಹೇಳುತ್ತಿರುತ್ತೇನೆ. ನೆಟ್‌ವರ್ಕ್ ಹೋದರೂ ಕಾರ್ಡ್ ಓದಲು ಬರುತ್ತದೆ.

ಪ್ಲೇ ಸ್ಟೋರಿನಲ್ಲಿ ಸಿಗುವ ಖಾಸಗಿ ಕಂಪನಿಗಳ ಆಪುಗಳ ಬಗ್ಗೆಯೂ ಒಂದೆರಡು ಮಾತು. ಕೂಸು ಈ ವಾರ ನಿಂಬೆಹಣ್ಣಿನಷ್ಟು, ಮುಂದಿನ ವಾರ ಇನ್ನೊಂದು ಹಣ್ಣಿನಷ್ಟು ಎಂದು ಚಿತ್ರ ತೋರಿಸುತ್ತವೆ. ಓದಿದ ಹುಡುಗಿಯರು ಖುಷಿಯಿಂದ ನೋಡುತ್ತಾರೆ, ನೋಡಲಿ. ಆದರೆ ಅವು ಕೇಳಿದ್ದಕ್ಕೆಲ್ಲ ಉತ್ತರ ತುಂಬಬಾರದು. ಫ್ಲೋ ಎಂಬ ಹೆಸರಾಂತ ಆಪ್ ಹೆಣ್ಣುಮಕ್ಕಳ ಮುಟ್ಟು-ಬಸಿರಿನ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ಲಿನಂಥ ಕಂಪನಿಗಳಿಗೆ ಕೊಟ್ಟಿತೆಂದು ಅಮೆರಿಕದ ವ್ಯಾಪಾರ ಆಯೋಗ ಆರೋಪ ಮಾಡಿ, 2021ರಲ್ಲಿ ಆ ಕಂಪನಿ ರಾಜಿಗೆ ಒಪ್ಪಬೇಕಾಯಿತು. ಗಂಡೋ ಹೆಣ್ಣೋ ಹೇಳುತ್ತೇವೆ ಅನ್ನುವ ಆಪುಗಳೂ ಇವೆ, ಅವು ಶುದ್ಧ ಸುಳ್ಳು. ಸ್ಕ್ಯಾನಿಂಗಿನಲ್ಲಿ ಅದನ್ನು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ. ಈ ಮಾತನ್ನು ನಾನು ಉದ್ದ ಮಾಡುವುದಿಲ್ಲ, ಯಾರಿಗೆ ಮುಟ್ಟಬೇಕೋ ಮುಟ್ಟಿರುತ್ತದೆ.

ಆಪ್ ಮಾಡಲಾರದ ಕೆಲಸವನ್ನೂ ಹೇಳಬೇಕು. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿತ್ತು. ಇದು ಮೊಬೈಲಿನ ಪ್ರತಾಪವಲ್ಲ. ದವಾಖಾನೆಯ ಹೆರಿಗೆ ಹೆಚ್ಚಾಯಿತು, ಆಶಾ ಬಂದರು, 2008ರಲ್ಲಿ 108 ಬಂತು. ತಾಯಿ ಸಾಯುವುದಕ್ಕೆ ಮೂರು ತಡ ಕಾರಣ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಕರೆದೊಯ್ಯೋಣ ಎಂದು ಮನೆಯಲ್ಲಿ ನಿರ್ಣಯ ಮಾಡುವುದು ತಡ, ದಾರಿಯಲ್ಲಿ ತಡ, ದವಾಖಾನೆಯಲ್ಲಿ ತಡ. ಮೊಬೈಲು ಹೆಚ್ಚೆಂದರೆ ಮೊದಲನೆಯ ತಡವನ್ನು ಕಡಿಮೆ ಮಾಡೀತು, ಅದೂ ಮನೆಯವರು ಅದರ ಮಾತು ಕೇಳಿದರೆ. ರಕ್ತಸ್ರಾವ, ಕಣ್ಣು ಮಂಜಾಗಿ ತಲೆ ಸಿಡಿಯುವುದು, ಮಾರಿ-ಕೈ ಬಾವು, ಫಿಟ್ಸು, ನೀರು ಒಡೆಯುವುದು, ಹೊಟ್ಟೆಯಲ್ಲಿ ಕೂಸು ಹೊರಳಾಡುವುದು ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಪ್ ತೆಗೆದು ನೋಡುತ್ತಾ ಕೂಡಬಾರದು. ಗಾಡಿ ಹುಡುಕಬೇಕು.

ಆಶಾ ಮತ್ತು ಅಂಗನವಾಡಿ ತಂಗಿಯರ ಪರವಾಗಿಯೂ ಒಂದು ಮಾತು. ವಹಿಯಲ್ಲಿ ಬರೆದದ್ದನ್ನೇ ಮತ್ತೆ ಮೊಬೈಲಿನಲ್ಲಿ ಬರೆಯಬೇಕು. ನೆಟ್ ಇಲ್ಲದಾಗ ಮಾಳಿಗೆ ಹತ್ತಬೇಕು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಾಗ ಗೌರವಧನದ ಜೋಡಿ ಈ ಮೊಬೈಲ್ ಕೆಲಸದ ತೊಂದರೆಯನ್ನೂ ಹೇಳಿಕೊಂಡಿದ್ದರು. ಫೋನಿನಲ್ಲಿ ಬೆರಳು ಆಡಿಸುವ ಹೊತ್ತು ಹೆಚ್ಚಾದಷ್ಟೂ ಮನೆಗೆ ಬಂದು ಮಾರಿ ನೋಡುವ ಹೊತ್ತು ಕಡಿಮೆಯಾಗುತ್ತದೆ. ಆ ಹುಡುಗಿಯ ಬಾವು ಕಂಡದ್ದು ಹೊಲಕ್ಕೆ ನಡೆದು ಹೋದ ಕಣ್ಣಿಗೆ.

ಆದ್ದರಿಂದ ನಮ್ಮ ಸಂಘ ಏನು ಮಾಡಬಹುದು ಎಂದು ಆಡಳಿತ ಮಂಡಳಿಯಲ್ಲಿ ಮಾತಾಡಿದ್ದೇವೆ. ಹಾಲಿನ ಮಶೀನಿಗೆಂದು ಸಂಘದಲ್ಲಿ ನೆಟ್ ಇದೆ, ಕರೆಂಟು ಹೋದರೆ ಬ್ಯಾಟರಿಯೂ ಇದೆ. ಹಾಲು ಅಳೆದ ಮೇಲೆ ಆ ಕೋಣೆ ಹಗಲೆಲ್ಲ ಖಾಲಿ. ವಾರದಲ್ಲಿ ಎರಡು ದಿನ ಮಧ್ಯಾಹ್ನ ಆಶಾ, ಅಂಗನವಾಡಿ ಟೀಚರು ಅಲ್ಲಿ ಕೂತು ತಮ್ಮ ಕೆಲಸ ಮುಗಿಸಿಕೊಳ್ಳಲಿ ಎಂದು ಠರಾವು ಆಗಿದೆ. ಊರಲ್ಲಿ ರಾತ್ರಿ ಹೊತ್ತು ಗಾಡಿ ಕೊಡುವವರ ನಂಬರುಗಳನ್ನು ಸಂಘದ ಬಾಗಿಲಿಗೆ ಬರೆಯಿಸುತ್ತೇವೆ. 108 ಬರುವುದು ತಡವಾದರೆ ಯಾರನ್ನು ಎಬ್ಬಿಸಬೇಕು ಎಂದು ಗೊತ್ತಿರಬೇಕು. ಡೀಸೆಲ್ಲಿನ ಖರ್ಚನ್ನು ಧರ್ಮಾರ್ಥ ನಿಧಿಯಿಂದ ಕೊಡುವ ವಿಷಯ ಮುಂದಿನ ಸರ್ವಸಾಧಾರಣ ಸಭೆಗೆ ಬರುತ್ತದೆ. ಆಗ ಕೈ ಎತ್ತಲು ಯಾರೂ ಹಿಂದೆ ಮುಂದೆ ನೋಡಬಾರದೆಂದು ಈಗಲೇ ಕೇಳಿಕೊಳ್ಳುತ್ತೇನೆ. ರಕ್ತ ಕೊಡಲು ತಯಾರಿರುವ ಹುಡುಗರ ಪಟ್ಟಿಯನ್ನು ಕಾರ್ಯದರ್ಶಿಯವರು ಬರೆದುಕೊಳ್ಳುತ್ತಿದ್ದಾರೆ, ಹನ್ನೆರಡು ಹೆಸರು ಆಗಿವೆ.

ನಂಬರಿನ ಕೆಲಸ ಮಾತ್ರ ನೀವೇ ಮಾಡಬೇಕು. ಬರುವ ಹಾಲಿನ ಬಟವಾಡೆಯ ದಿನ ಆಶಾ ತಂಗಿ ಸಂಘದ ಕಟ್ಟೆಯ ಮೇಲೆ ಕೂತಿರುತ್ತಾಳೆ. ಮನೆಯಲ್ಲಿ ಬಸುರಿ ಇದ್ದವರು ತಾಯಿ ಕಾರ್ಡ್ ತನ್ನಿ. ಅದರಲ್ಲಿರುವ ನಂಬರು ಹಗಲು ಹೊತ್ತು ಮನೆಯಲ್ಲಿ ಯಾರ ಹತ್ತಿರ ಇರುತ್ತದೆ ಎಂದು ನೋಡಿಕೊಂಡು, ಬೇಕಾದರೆ ಬದಲು ಮಾಡಿಸಿ, ಅತ್ತಿಯದೋ ಬಾಜೂ ಮನೆಯವರದೋ ಇನ್ನೊಂದು ನಂಬರನ್ನೂ ಬರೆಸಿ. ದುಡಿಯಲು ಪರಸ್ಥಳಕ್ಕೆ ಹೊರಟವರು ಬಸ್ಸು ಹತ್ತುವ ಮುಂಚೆ ಇದನ್ನು ಮುಗಿಸಿ ಹೋಗಿ. ಸೊಸಿಯಂದಿರನ್ನು ಜೋಡಿ ಕರೆದುಕೊಂಡು ಬನ್ನಿ, ಅವರ ತಾರೀಖನ್ನು ಅವರೇ ಹೇಳಲಿ. ಬಟವಾಡೆ ಮುಂಜಾನೆ ಎಂಟಕ್ಕೆ ಶುರು.